ಮನೆಯಲ್ಲಿ ಬಂದೂಕಿದ್ದ ವರ್ಷ

ಈ ಸಲ, ನಾವೀಗ ಇರುವ ನಿಗಡಿಯಲ್ಲಿ ಮಳೆ ಹಿಡಿದ ದಿನವೇ ನನಗೆ ಚಳಿ ಹತ್ತಿತು. ಕೌದಿ ತೆಗೆಯೋಣವೆಂದು ಮಂಚದ ಕೆಳಗಿನ ಕಪ್ಪು ಪೆಟ್ಟಿಗೆಯನ್ನು ಎಳೆದು ಮುಚ್ಚಳ ಎತ್ತಿದೆ. ಕೌದಿಯ ವಾಸನೆಗಿಂತ ಮೊದಲು ಎಣ್ಣೆಯ ವಾಸನೆ ಬಂತು. ಅಡುಗೆ ಎಣ್ಣೆಯಲ್ಲ, ಹೊಲಿಗೆ ಯಂತ್ರದ ಎಣ್ಣೆಯೂ ಅಲ್ಲ, ಬಂದೂಕಿನ ನಳಿಗೆ ಒರೆಸುವ ಎಣ್ಣೆ. ಬಂದೂಕು ಮಾರಿ ಎಷ್ಟೋ ಕಾಲವಾಯಿತು. ಆ ಪೆಟ್ಟಿಗೆಯನ್ನು ಸೋಪಿನ ನೀರಲ್ಲಿ ತೊಳೆದಿದ್ದೇನೆ, ಬಿಸಿಲಿಗೆ ಇಟ್ಟಿದ್ದೇನೆ, ಒಳಗೆ ಬೇವಿನ ಸೊಪ್ಪು ಹಾಸಿದ್ದೇನೆ. ಜಪ್ಪಯ್ಯ ಅಂದರೂ ಅದು ಹೋಗಿಲ್ಲ.

"ಇನ್ನೂ ನಾರತೈತಿ ನೋಡ್ರಿ," ಎಂದು ಕೂಗಿದೆ.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಾರೂದಲ್ಲ ಅದು, ಘಮಾ," ಎಂದರು. ಸೈನ್ಯದಲ್ಲಿ ಇದ್ದು ಬಂದವರ ಮೂಗಿಗೆ ಏನು ಹೇಳುವುದು.

ಕೌದಿ ಹೊದ್ದರೂ ಕೂತಲ್ಲಿ ಕೂರಲಾಗಲಿಲ್ಲ. ಆ ವಾಸನೆ ಬಂದರೆ ನನಗೆ ಹೀಗೇ. ಎದ್ದು ಬಾಗಿಲ ಚಿಲಕ ನೋಡುತ್ತೇನೆ, ಕಿಟಕಿ ನೋಡುತ್ತೇನೆ, ಮತ್ತೆ ಚಿಲಕ ನೋಡುತ್ತೇನೆ. ಕಳ್ಳ ಬಂದರೆ ಅವನೇ ಬೇಜಾರು ಮಾಡಿಕೊಂಡು ಹೋಗಬೇಕು, ಈಗ ಅಂಥ ಮನೆ ನಮ್ಮದು. ಆದರೂ ಸಾಸವಡದಲ್ಲಿ ಕಳೆದ ಆ ಒಂದು ವರ್ಷದ ಅಭ್ಯಾಸ ನನ್ನ ಕಾಲು ಬಿಟ್ಟಿಲ್ಲ.

ಮಹಾರಾಷ್ಟ್ರದ ಸಾಸವಡಕ್ಕೆ ನಾವು ಹೋದದ್ದು ಇವರು ಸೈನ್ಯದಿಂದ ನಿವೃತ್ತರಾದ ಮೇಲೆ. ನಮ್ಮೂರು ಹುಕ್ಕೇರಿ ಕಡೆಯದು. ಗೋಕಾಕದ ಒಬ್ಬ ವ್ಯಾಪಾರಿ ಸಾಸವಡದ ಪೇಟೆಯಲ್ಲಿ ಬೆಳ್ಳಿ ಸಾಮಾನಿನ ಅಂಗಡಿ ಇಟ್ಟಿದ್ದರು. ನಮ್ಮ ಮಾತಿನವನು, ನಂಬಿಗಸ್ಥ ಎಂದು ಇವರನ್ನು ಕಾವಲಿಗೆ ಕರೆದರು. ಕೈಯಲ್ಲೊಂದು ಬೆತ್ತ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಬಂದವರಿಗೆಲ್ಲ ನಮಸ್ಕಾರ. ಸುಖವಾದ ನೌಕರಿ. ಮಗಳು ಬೆಳಗಾವಿಯಲ್ಲಿ ನನ್ನ ತವರಿನಲ್ಲಿದ್ದು ಓದುತ್ತಿದ್ದಳು. ಪೇಟೆಯ ಹಿಂದಿನ ಓಣಿಯಲ್ಲಿ, ಒಂದೇ ಕೋಣೆಯ ತಗಡಿನ ಮನೆಯಲ್ಲಿ, ನಾವಿಬ್ಬರು. ನಾನು ಸೀರೆಗೆ ಫಾಲ್ ಹಚ್ಚಿಕೊಂಡು ಆರಾಮಾಗಿದ್ದೆ.

ಆಮೇಲೆ ಮಾಲೀಕರು ಬೆಳ್ಳಿಯ ಜೊತೆ ಬಂಗಾರವನ್ನೂ ಇಟ್ಟರು. ಒಂದು ದಿನ ಇವರನ್ನು ಕೂರಿಸಿಕೊಂಡು, "ಮಾರುತಿ, ಬಂಗಾರಕ್ಕ ಬೆತ್ತ ಸಾಲಂಗಿಲ್ಲಪಾ. ನೀ ಮಾಜಿ ಸೈನಿಕ ಇದ್ದಿ, ಲೈಸೆನ್ಸ್ ಸಿಗತದ. ಬಂದೂಕ ಇದ್ರ ನೌಕರಿ ಅದ. ಇಲ್ಲಂದ್ರ ನಾ ಬ್ಯಾರೆಯವರನ್ನ ನೋಡಬೇಕಾಗತದ," ಎಂದರು. ಈ ಧಂದೆಯಲ್ಲಿ ಬಂದೂಕು ಅಂಗಡಿಯದಲ್ಲ, ಕಾವಲಿನವನದೇ. ಬೆಳಿಗ್ಗೆ ಅವನೇ ತರಬೇಕು, ಸಂಜೆ ಅವನೇ ಒಯ್ಯಬೇಕು. ನಾನು ಬೇಡವೆಂದೆ. ಈ ವಯಸ್ಸಿನಲ್ಲಿ ಬೇರೆ ನೌಕರಿ ಎಲ್ಲಿ ಎಂದು ಇವರು ಕೇಳಿದರು.

ಲೈಸೆನ್ಸಿಗೆ ಓಡಾಡಿ ಓಡಾಡಿ ಚಪ್ಪಲಿ ಸವೆದವು. ಶ್ರಾವಣದಲ್ಲಿ ಎರಡು ನಳಿಗೆಯ ಬಂದೂಕು ಮನೆಗೆ ಬಂತು. ಎಲ್ಲಿಡುವುದು? ದೇವರ ಗೂಡಿನ ಕೆಳಗೆ ಬೇಡ ಎಂದೆ ನಾನು, ಒಲೆಯ ಹತ್ತಿರ ಬೇಡ ಎಂದರು ಇವರು. ಇರುವುದು ಒಂದೇ ಕೋಣೆ, ಅದರಲ್ಲಿ ಬೇಡದ ಜಾಗಗಳನ್ನು ಕಳೆದರೆ ಗೋಡೆಯೇ ಉಳಿಯುವುದಿಲ್ಲ. ಕೊನೆಗೆ ಸೈನ್ಯದ ಕಪ್ಪು ಪೆಟ್ಟಿಗೆಯಿಂದ ನನ್ನ ಮದುವೆಯ ಸೀರೆಗಳು ಹೊರಬಿದ್ದವು, ಬಂದೂಕನ್ನು ಬಿಚ್ಚಿ ಎರಡು ಮಾಡಿ ಒಳಗಿಟ್ಟದ್ದಾಯಿತು. ಕೀಲಿ ಇವರ ಉಡದಾರಕ್ಕೆ.

ಸುದ್ದಿ ಊರಿಗೆ ಮುಟ್ಟಿತು. ನನ್ನ ಅತ್ತೆ ಕೊರಳಲ್ಲಿ ತುಳಸಿ ಮಣಿ ಕಟ್ಟಿದವರು, ಪ್ರತಿ ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರು. ಊರ ಹೆಂಗಸರ ಜೊತೆ ಆಳಂದಿಗೆ ಬಂದು, ಹಾಡುತ್ತ ನಡೆಯುವ ಗುಂಪು, ಅಂದರೆ ದಿಂಡಿಯೊಂದನ್ನು ಸೇರಿ ಸಂತರ ಪಾದುಕೆ ಹೊತ್ತ ಪಾಲಖಿಯೊಂದಿಗೆ ಹೊರಡುವರು. ಪಾಲಖಿ ದಿವೆ ಘಾಟು ಹತ್ತಿ ಬಂದು ಸಾಸವಡದಲ್ಲಿ ಎರಡು ರಾತ್ರಿ ತಂಗುತ್ತದೆ. ಆಗ ಇವರು ದಿಂಡಿಯ ಸಾಲಿನೊಳಗೇ ಹೊಕ್ಕು, ತಾಯಿಯ ಕಾಲು ಮುಟ್ಟಿ, ಅವರ ತಲೆಯ ಮೇಲಿನ ಗಂಟನ್ನು ತಮ್ಮ ತಲೆಗೆ ತೆಗೆದುಕೊಂಡು, ಅಷ್ಟು ದೂರ ಜೊತೆಗೆ ನಡೆದು ಮನೆಗೆ ಕರೆತರುವರು. ನಾನು ಬಿಸಿನೀರು ಹಾಕಿ, ಕಾಲಿಗೆ ಎಣ್ಣೆ ತಿಕ್ಕಿ, ಜೋಳದ ರೊಟ್ಟಿ, ಝುಣಕ ಬಡಿಸುವೆ. "ಅರ್ಧಾ ಪಂಢರಪುರ ಇಲ್ಲೇ ಸಿಕ್ತು ನೋಡು," ಎಂದು ಕಾಲು ಚಾಚುವರು. ನಾವು ಸಾಸವಡಕ್ಕೆ ಬಂದಾಗಿನಿಂದ ನಡೆದುಬಂದ ಪದ್ಧತಿ ಅದು.

ಬಂದೂಕಿನ ಸುದ್ದಿ ಕೇಳಿ ಫೋನು ಮಾಡಿಸಿದರು. ಇವರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದರಿಂದ ನನಗೂ ಎಲ್ಲ ಕೇಳಿಸಿತು.

"ಅದು ಇರೂ ಮನ್ಯಾಗ ನಾ ಕಾಲ ಇಡಂಗಿಲ್ಲ. ನೀರೂ ಕುಡ್ಯಂಗಿಲ್ಲ."

"ಅವ್ವಾ, ನಾ ಸೈನ್ಯದಾಗಿದ್ದಾಗ ನನ್ನ ಮಗ ಬಂದೂಕ ಹಿಡದಾನ ಅಂತ ಊರ ತುಂಬ ಹೇಳಕೋಂತ ತಿರಗತಿದ್ದೆಲ್ಲ?"

"ಅದು ಸರಕಾರದ್ದು. ಸರಕಾರದ ಕಡೇನ ಇರತಿತ್ತು. ಇದನ್ನ ನೀ ತಂದು ಒಲಿ ಮಗ್ಗಲ ಇಟಗೊಂಡಿ."

ಇಷ್ಟು ಹೇಳಿ ಫೋನು ಇಟ್ಟರು. ಅತ್ತೆ ಆಡಿದ ಮಾತು ತಪ್ಪುವವರಲ್ಲ. ಮುಂದಿನ ಆಷಾಢಕ್ಕೆ ಏನಾಗಬಹುದು ಎನ್ನುವ ಚಿಂತೆ ಶ್ರಾವಣದಲ್ಲೇ ನಮ್ಮ ಮನೆಗೆ ಬಂದು ಕೂತಿತು. ತಂದೆ ಬೇಗ ಹೋದ ಮೇಲೆ ಆ ತಾಯಿ ಒಬ್ಬಳೇ ಕೂಲಿ ಮಾಡಿ ಬೆಳೆಸಿದ ಮಗ ಇವರು. ತಾಯಿ ಬಾರದ ಮನೆ ಇವರಿಗೆ ಮನೆಯಂತೆ ಕಾಣುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಬಂದೂಕು ಕೈಯಲ್ಲಿದ್ದವನಿಗೆ ಊರೆಲ್ಲ ದಾರಿ ಬಿಡುತ್ತದೆ ಎಂದುಕೊಂಡಿದ್ದೆ. ತಿಳಿದದ್ದು ಆಮೇಲೆ. ಅದನ್ನು ಹಿಡಿದು ಎಲ್ಲೆಲ್ಲಿ ಹೋಗಬಾರದು ಎಂದು ಲೈಸೆನ್ಸಿನಲ್ಲೇ ಅಚ್ಚು ಹಾಕಿರುತ್ತಾರೆ. ಶಾಲೆಗೆ ಹೋಗಬಾರದು, ಜಾತ್ರೆಗೆ ಹೋಗಬಾರದು, ದೇವರ ಮೆರವಣಿಗೆಯೊಳಗೆ ಹೋಗಬಾರದು, ಜನ ಗುಂಪಾಗಿ ಸೇರಿದಲ್ಲಿ ಹೋಗಬಾರದು. ಇವರದ್ದು ಮಹಾರಾಷ್ಟ್ರಕ್ಕೆ ಮಾತ್ರ ಕೊಟ್ಟ ಲೈಸೆನ್ಸ್, ಆದ್ದರಿಂದ ಗಡಿಯ ಕಾಗಲ ದಾಟಿ ನಮ್ಮೂರ ಕಡೆಗೂ ಒಯ್ಯುವಂತಿಲ್ಲ. ಹಾಗೆಂದು ಯಾರ ಕೈಗಾದರೂ ಒಂದು ಗಳಿಗೆ ಕೊಟ್ಟು ಹೋಗಬಹುದೇ ಎಂದರೆ, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೂ ಅಪರಾಧ. ಕೆಳಗಿಟ್ಟು ಹೋಗಿ ಕಳೆದರಂತೂ ಮುಗಿಯಿತು. ಹೊರಲೂ ಆಗದು, ಇಳಿಸಲೂ ಆಗದು. ಎಳೆಗೂಸಿಗಿಂತ ಕಡೆ.

ಇದೆಲ್ಲ ಬರೀ ಅಚ್ಚಿನ ಮಾತು ಎಂದು ನಾನು ನಕ್ಕಿದ್ದೆ, ಗಣಪತಿ ಕಳಿಸುವ ದಿನದವರೆಗೆ. ಆ ಸಂಜೆ ಅಂಗಡಿ ಮುಚ್ಚಿ ಇವರು ಹೆಗಲಿಗೆ ಬಂದೂಕಿನ ಚೀಲ ಹಾಕಿಕೊಂಡು ಮನೆಗೆ ಹೊರಟಿದ್ದಾರೆ. ಮೂಲೆ ತಿರುಗುವಷ್ಟರಲ್ಲಿ ಢೋಲು ತಾಶೆಯ ಮೆರವಣಿಗೆ ಓಣಿ ತುಂಬ ಬಂತು. ಅಂಚಿನಿಂದ ನುಸುಳಿ ಬರೋಣವೆಂದು ಇವರು ಜನರೊಳಗೆ ಹೊಕ್ಕರು. ಬಂದೋಬಸ್ತಿನಲ್ಲಿದ್ದ ಹವಾಲ್ದಾರರೊಬ್ಬರು ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. "ಕಾಯ್ ಮಾಮಾ, ಬಂದೂಕ್ ಘೇಊನ್ ಮಿರವಣುಕೀತ್?" ಎಂದು, ಬಂದೂಕು ಹಿಡಿದು ಮೆರವಣಿಗೆಯಲ್ಲಿ ಬರುವುದೇ ಎಂದು ಎಲ್ಲರ ಮುಂದೆ ಗದರಿಸಿದರು. ಲೈಸೆನ್ಸ್ ತೆಗೆದು ನೋಡಿದರು, ಹೆಸರು ಬರೆದುಕೊಂಡರು, ಮತ್ತೊಮ್ಮೆ ಕಂಡರೆ ಲೈಸೆನ್ಸ್ ರದ್ದಿಗೆ ಬರೆಯುತ್ತೇನೆ ಎಂದರು. ಇವರು ಮುಚ್ಚಿದ ಅಂಗಡಿಯೊಂದರ ತಗಡಿನ ಕೆಳಗೆ ನಿಂತು, ಕೊನೆಯ ಗಣಪತಿ ಹೋಗುವವರೆಗೆ ಗೋಡೆಗೆ ಬೆನ್ನು ಹಚ್ಚಿ ಉಳಿದರು. ಮನೆಗೆ ಬಂದಾಗ ಮೈಮೇಲೆಲ್ಲ ಗುಲಾಲು. ಮುಖದಲ್ಲಿ ಮಾತ್ರ ಹಬ್ಬವಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಇವರು ಹೊರಡುವ ಮುನ್ನ ದಾರಿ ವಿಚಾರಿಸುತ್ತಿದ್ದರು. ಎಲ್ಲಿ ಲಗ್ನದ ಚಪ್ಪರ ಹಾಕಿದ್ದಾರೆ, ಎಲ್ಲಿ ಸಭೆ ಇದೆ, ಎಲ್ಲಿ ಶಾಲೆ ಬಿಡುವ ಹೊತ್ತು. ಸಂತೆಯ ದಿನ ಊರನ್ನೇ ಸುತ್ತಿ ಬರುವರು. ಮನೆಯಲ್ಲಿದ್ದರೆ ಕೂತವರು ಏಳುವರು, ಪೆಟ್ಟಿಗೆಯ ಬೀಗ ಜಗ್ಗಿ ನೋಡುವರು. ಉಂಡ ಮೇಲೆ ಉಡದಾರ ತಡವುವರು. ನನ್ನ ತಮ್ಮನ ಮಗಳ ಮದುವೆ ಶಿರೂರಿನಲ್ಲಾಯಿತು, ನಾನೊಬ್ಬಳೇ ಹೋಗಿ ಬಂದೆ. "ಮಾಮಾ ಬರಲಿಲ್ಲೇನು?" ಎಂದು ಕೇಳಿದವರಿಗೆಲ್ಲ "ಮನ್ಯಾಗ ಮಂದಿ ಅದಾರ" ಎಂದೆ. ಸುಳ್ಳೇನಲ್ಲ. ತಗಡಿನ ಬಾಗಿಲು ಒಂದು ಒದೆತಕ್ಕೆ ಬೀಳುವಂಥದು, ಅದಕ್ಕೇ ಬಂದೂಕು ಮನೆಯಲ್ಲಿದ್ದಾಗ ನಮ್ಮಿಬ್ಬರಲ್ಲಿ ಒಬ್ಬರು ಇರಲೇಬೇಕು. ತರಕಾರಿಗೂ ಇಬ್ಬರೂ ಕೂಡಿ ಹೋಗಲಿಲ್ಲ. ಸವತಿ ಬಂದಿದ್ದರೂ ಅಡುಗೆಗೆ ಕೈ ಜೋಡಿಸುತ್ತಿದ್ದಳೇನೋ.

ಆಷಾಢದ ಯಾತ್ರೆ ಬಂತು. ಆ ಸಲ ಮಳೆ ಬಿಟ್ಟೂ ಬಿಡದೆ ಸುರಿಯಿತು. ತಗಡಿನ ಮೇಲೆ ಹಗಲಿಡೀ ಒಂದೇ ಸದ್ದು, ಒಣಗದ ಬಟ್ಟೆ, ಹೊಗೆಯುಗುಳುವ ನೀರೊಲೆ. ಇವರು ದಿಂಡಿಯ ಮುಖಂಡನಿಗೆ ದಿನಾ ಫೋನು ಮಾಡಿ ಅವ್ವ ಎಲ್ಲಿಗೆ ಬಂದಳು ಎಂದು ಕೇಳುವರು. ತಾಯಿಗೆ ಫೋನು ಕೊಡು ಎನ್ನುವ ಧೈರ್ಯ ಮಾತ್ರ ಇಲ್ಲ. ಪಾಲಖಿ ಬರುವ ದಿನ ರಜೆ ಕೇಳಿದರು. ಮಾಲೀಕರು ಕೈ ಜೋಡಿಸಿಬಿಟ್ಟರು. "ಇಡೀ ಊರಾಗ ಹೊರಗಿನ ಮಂದಿ ಇರೂ ದಿನಾನ ನೀ ಇಲ್ಲಂದ್ರ ಹ್ಯಾಂಗಪಾ? ನಾಳೆ ಮಧ್ಯಾಹ್ನ ಅಂಗಡಿ ಮುಚ್ಚತೇನಿ. ಇವತ್ತೊಂದ ದಿನ ನಿಲ್ಲು."

ಹಾಗಾಗಿ ಇವರು ನಿಂತರು. ಅಂಗಡಿಯ ಮೆಟ್ಟಿಲ ಮೇಲೆ, ಹೆಗಲಲ್ಲಿ ಬಂದೂಕು. ನಾನು ಕೆಳಗೆ ರಸ್ತೆಯ ಅಂಚಿನಲ್ಲಿ ರೊಟ್ಟಿ ಝುಣಕದ ಗಂಟು ಹಿಡಿದು ನಿಂತೆ. ಮೂಲೆಯಲ್ಲಿ ಗಣಪತಿಯ ದಿನದ ಅದೇ ಹವಾಲ್ದಾರರು ಕೊಡೆ ಹಿಡಿದಿದ್ದರು. ಇವರ ಕಡೆ ಒಮ್ಮೆ ನೋಡಿದರು. ಅಷ್ಟೇ ಸಾಕಾಗಿತ್ತು.

ತಾಳ ಮೃದಂಗಗಳ ಸದ್ದು ಮೊದಲು, ಆಮೇಲೆ ಕೇಸರಿ ಪತಾಕೆಗಳು, ಆಮೇಲೆ ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು. ಪ್ಲಾಸ್ಟಿಕ್ ಹೊದ್ದ ಸಾಲುಗಳು ಒಂದರ ಹಿಂದೊಂದು. ಅತ್ತೆಯನ್ನು ನಾನು ನಡಿಗೆಯಿಂದಲೇ ಗುರುತು ಹಿಡಿದೆ. ಮೊಣಕಾಲು ನೋವಿಗೆ ಆ ವರ್ಷ ತುಸು ವಾಲುತ್ತಿದ್ದರು. ಅಂಗಡಿಯ ಎದುರಿಗೆ ಬಂದವರು ನಿಂತೇಬಿಟ್ಟರು. ಮಗನನ್ನು ನೋಡಿದರು. ತಲೆಯ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತಗೋ ಎನ್ನುವಂತೆ ಕಾದರು.

ಇವರ ಕಾಲು ಒಂದು ಮೆಟ್ಟಿಲು ಇಳಿಯಿತು. ಅಲ್ಲೇ ನಿಂತಿತು. ಇವರು ತಲೆ ಅಲ್ಲಾಡಿಸಿದರು.

"ಬಾರೋ," ಎಂದರು ಅತ್ತೆ.

"ಬರೂ ಹಂಗಿಲ್ಲವ್ವಾ."

ನಾನು ಸಾಲಿನೊಳಗೆ ನುಗ್ಗಿದೆ. "ಅತ್ತಿ, ಮೆರವಣಿಗ್ಯಾಗ ಬಂದೂಕ ತರಬಾರದಂತ ಕಾಯ್ದೆ ಐತ್ರಿ. ಕೆಳಗ ಇಳದ್ರ ಲೈಸೆನ್ಸ್ ಹೋಗತೈತಿ, ನೌಕರಿ ಹೋಗತೈತಿ."

"ಹೆತ್ತ ತಾಯಿ ಕಾಲ ಮುಟ್ಟಾಕೂ ಕಾಯ್ದೆ ಐತೇನು?"

"ನೀವರ ಮೆಟ್ಟಿಲ ತನಕ ಬರ್ರಿ. ನಾಕ ಹೆಜ್ಜಿ."

ಅತ್ತೆ ಬಂದೂಕಿನ ಕಡೆ ನೋಡಿದರು, ತುಳಸಿ ಮಣಿ ಮುಟ್ಟಿಕೊಂಡರು. ಬರಲಿಲ್ಲ. ನಾನು ರೊಟ್ಟಿಯ ಗಂಟು ಚಾಚಿದೆ. "ಬ್ಯಾಡ. ಆ ಮನೀ ಒಲಿ ಮ್ಯಾಲಿನ ರೊಟ್ಟಿ ನನಗ ಬ್ಯಾಡ," ಎಂದು ತಮ್ಮ ಗಂಟನ್ನು ಮತ್ತೆ ತಲೆಗೇರಿಸಿಕೊಂಡರು. ಹಿಂದಿನವರು "ಮಾವುಲಿ, ಪುಢೆ ಚಲಾ" ಎಂದು, ತಾಯೀ ಮುಂದೆ ನಡೆಯಿರಿ ಎಂದು ತಳ್ಳಿದರು. ದಿಂಡಿ ನಡೆಯಿತು. ಇವರು ಅದೇ ಮೆಟ್ಟಿಲ ಮೇಲೆ, ಮಳೆಯ ಎರಚಲಿಗೆ ಮುಖ ಒಡ್ಡಿ ನಿಂತಿದ್ದರು. ನನಗೆ ಅತ್ತೆಯ ಮೇಲೂ ಸಿಟ್ಟು, ಇವರ ಮೇಲೂ ಸಿಟ್ಟು, ಆ ಹವಾಲ್ದಾರರ ಮೇಲೂ ಸಿಟ್ಟು. ತಪ್ಪು ಯಾರದೆಂದು ಕೇಳಿದ್ದರೆ ಒಬ್ಬರ ಹೆಸರನ್ನೂ ಹೇಳಲಾಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು.

ಮರುದಿನ ಪಾಲಖಿ ಊರಲ್ಲೇ ತಂಗುವ ದಿನ. ಮಧ್ಯಾಹ್ನ ಇವರು ಮನೆಗೆ ಬಂದು, ಬಂದೂಕು ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಗೋಡೆ ನೋಡುತ್ತ ಕೂತರು.

"ಈಗ ಕೈ ಖಾಲಿ ಐತೆಲ್ಲ, ಹೋಗ್ರಿ ಅವ್ವನ ಹತ್ರ," ಎಂದೆ.

"ಹ್ಯಾಂಗ ಹೋಗ್ಲಿ? ಊರ ತುಂಬ ಗೊತ್ತಿಲ್ಲದ ಮಂದಿ. ಈ ಬಾಗಿಲಾ ನಂಬಿ ಹೋಗ್ಲೇನು?"

"ಬಾಗಿಲಾ ನಂಬಬ್ಯಾಡ್ರಿ, ನನ್ನ ನಂಬ್ರಿ. ನಾ ಕಾಯ್ತೀನಿ. ಏಳ್ರಿ ಮೊದಲ."

ನಾನು ಅಷ್ಟು ಜೋರಾಗಿ ಮಾತಾಡಿದ್ದು ಅಪರೂಪ. ಎದ್ದರು. ಬೀಗ ಜಗ್ಗಿದರು, ಉಡದಾರ ಮುಟ್ಟಿಕೊಂಡರು, ಹೋದರು. ನಾನು ಒಳಗಿನಿಂದ ಚಿಲಕ ಹಾಕಿದೆ.

ಕಾಯುವುದೆಂದರೆ ಏನೆಂದು ಆಗ ತಿಳಿಯಿತು. ಫಾಲ್ ಹಚ್ಚಲು ಕೂತರೆ ಸೂಜಿಗೆ ದಾರ ಏರದು. ಹೊರಗೆ ಓಣಿಯಲ್ಲಿ ಕಾಲಿನ ಸದ್ದು, ಯಾರೋ ಮಳೆಗೆ ನಮ್ಮ ಗೋಡೆಗೆ ಒತ್ತಿ ನಿಂತ ಸದ್ದು. ಎದ್ದು ಒಲೆ ಹಚ್ಚಿದೆ, ಯಾರಿಗೆಂದು ಗೊತ್ತಿಲ್ಲದೆ ಬುಟ್ಟಿ ತುಂಬ ರೊಟ್ಟಿ ಬಡಿದೆ, ಮುಗಿಯಿತೆಂದು ಮತ್ತೆ ಹಿಟ್ಟು ಕಲಸಿದೆ. ದೂರದಲ್ಲಿ ಭಜನೆ ನಡೆದಿತ್ತು. ಸಾಸವಡದಲ್ಲಿ ಇದ್ದೂ ಆ ಸಲ ಪಾಲಖಿಯ ದರ್ಶನ ಇಬ್ಬರಿಗೂ ಆಗಿರಲಿಲ್ಲ. ಪೆಟ್ಟಿಗೆಯನ್ನು ನೋಡಿ ಎರಡು ಮಾತು ಬೈದೆ. ಅದಕ್ಕೆ ಏನು ಹತ್ತೀತು.

ಬಾಗಿಲು ಬಡಿದ ಸದ್ದಾಯಿತು. "ನಾನ, ತಗಿ," ಎಂದಿತು ಇವರ ಧ್ವನಿ. ತೆಗೆದೆ. ಇವರ ತಲೆಯ ಮೇಲೆ ಗಂಟಿತ್ತು. ಇವರ ಹಿಂದೆ, ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದುಕೊಂಡು ಅತ್ತೆ ನಿಂತಿದ್ದರು.

ಅತ್ತೆಯೇ ಮಾತಾಡಿದರು. "ಸುಮಿತ್ರಾ ಎಲ್ಲಿ ಅಂತ ಕೇಳಿದೆ ಇವನ್ನ. ಅಕಿ ಬರೂ ಹಂಗಿಲ್ಲ, ಬಂದೂಕ ಕಾಯಾಕತ್ಯಾಳ ಅಂದ. ಕೇಳಿದ್ರ ವರ್ಷ ತುಂಬ ಹಿಂಗ ಅಂತ. ಅದರ ಸಂಗಾಟ ನಿನ್ನ ಒಬ್ಬಾಕಿನ್ನ ಚಿಲಕಾ ಹಾಕಿಸಿ ಕೂಡ್ರಿಸಿ ಬಂದಾನ, ನನ್ನ ಕಾಲ ಒತ್ತಾಕ. ನಿನ್ನಿ ರೊಟ್ಟಿ ಹಿಡಕೊಂಡ ನನ್ನ ಹಿಂದ ಓಡಿ ಬಂದಾಕಿ ನೀನ ಅಲ್ಲೇನು?"

ನಾನು ಕಾಲಿಗೆ ನೀರು ಕೊಟ್ಟೆ. ಅತ್ತೆ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ "ಪಾಂಡುರಂಗಾ" ಎಂದು ಒಳಗೆ ಕಾಲಿಟ್ಟರು. ಕುರ್ಚಿಯ ಮೇಲೆ, ಮಂಚದ ಮೇಲೆ ಒಣಗದ ಬಟ್ಟೆ ಹರವಿದ್ದೆ. ನೆಲಕ್ಕೆ ಕೂರಲು ಮೊಣಕಾಲು ಬಗ್ಗದು. ನಾನು ಬಟ್ಟೆ ಎತ್ತುವಷ್ಟರಲ್ಲಿ ಅತ್ತೆ ಅತ್ತಿತ್ತ ನೋಡಿ, ನಿಟ್ಟುಸಿರು ಬಿಟ್ಟು, ಕಪ್ಪು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ಇವರು ನನ್ನನ್ನು ನೋಡಿದರು, ನಾನು ಇವರನ್ನು ನೋಡಿದೆ. ಅತ್ತೆ ನಮ್ಮಿಬ್ಬರನ್ನೂ ನೋಡಿದರು. ಮೂಗು ಅರಳಿಸಿದರು. ಬೀಗದ ಮೇಲೆ ಬೆರಳಾಡಿಸಿದರು.

"ಇದರಾಗ ಐತೇನು?"

"ಹೂಂ, ಅವ್ವಾ," ಎಂದರು ಇವರು, ಹುಡುಗನ ಹಾಗೆ.

ಏಳುತ್ತಾರೆ ಎಂದುಕೊಂಡೆ. ಎದ್ದು ಹೊರಟೇ ಹೋಗುತ್ತಾರೆ ಎಂದೂ ಅನಿಸಿತು. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೆಲಕ್ಕೆ ನೀರು ಸೋರುತ್ತಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು, ಪೆಟ್ಟಿಗೆಯ ನಡುವಿಗೆ ಸರಿದು, ಗಟ್ಟಿಯಾಗಿ ಕೂತರು.

"ಕೀಲಿ ನಿನ್ನ ಹತ್ರ ಐತೆಲ್ಲ?"

"ಐತಿ."

"ಮತ್ತ ನೀವಿಬ್ರೂ ಹೋಗಿ ಮಾವುಲಿ ಪಾಲಖಿ ದರ್ಶನ ಮಾಡಕೊಂಡ ಬರ್ರಿ. ನಾ ಇದನ್ನ ಮುಟ್ಟಂಗಿಲ್ಲ, ಬರೇ ಇದರ ಮ್ಯಾಲ ಕುಂತಿರ್ತೀನಿ. ನನ್ನ ಎಬ್ಬಸಿ ಅದನ್ನ ಒಯ್ಯಾವ ಯಾಂವ ಬರ್ತಾನ ನಾನೂ ನೋಡ್ತೀನಿ. ಹೋಗ್ರಿ, ಹೊತ್ತಾತು."

ಹೋದೆವು. ಇಬ್ಬರೂ ಒಂದೇ ಬಾಗಿಲಿನಿಂದ ಕೂಡಿ ಹೊರಬಿದ್ದದ್ದು ಆ ವರ್ಷ ಅದೇ ಮೊದಲು. ಓಣಿಯಲ್ಲಿ ಇವರಿಗೆ ಬಲಗೈಯನ್ನು ಎಲ್ಲಿಡಬೇಕೋ ತಿಳಿಯದು. ಹೆಗಲು ತಡವಿಕೊಂಡರು, ಉಡದಾರ ಮುಟ್ಟಿಕೊಂಡರು, ಕೊನೆಗೆ ನನ್ನ ಕೊಡೆ ಇಸಿದುಕೊಂಡು ಇಬ್ಬರಿಗೂ ಹಿಡಿದರು. ಮೂಲೆಯಲ್ಲಿ ಹವಾಲ್ದಾರರು ಇದ್ದರು. ಇವರು ಅವರ ಮುಂದೆಯೇ ಹಾದು, ಜನರ ನಡುವೆ ಹೊಕ್ಕರು. ಯಾರೂ ಏನೂ ಅನ್ನಲಿಲ್ಲ.

ಇವರ ಹಿಂದೆ ನಾನೂ ಹೊಗುವ ಮುನ್ನ, ಅಭ್ಯಾಸ ನೋಡಿ, ಬಾಗಿಲು ಹಾಕಿದೆಯೋ ಇಲ್ಲವೋ ಎಂದು ತಿರುಗಿ ನೋಡಿದೆ. ತೆರೆದೇ ಇತ್ತು. ಒಳಗೆ ಅತ್ತೆ ಪೆಟ್ಟಿಗೆಯ ಮೇಲೆ ಕೂತು, ನನ್ನ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ರೊಟ್ಟಿ ಮುರಿಯುತ್ತಿದ್ದರು.